ನಡುಗುವ ಕೈಗೆ ಉಪವಾಸ ಮದ್ದೇ?

2016ರ ಅಕ್ಟೋಬರಿನಲ್ಲಿ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ ವೈದ್ಯಕೀಯ ನೊಬೆಲ್ ಬಂತು. ಸ್ವಲ್ಪ ದಿನದಲ್ಲೇ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುದ್ದಿ ಬೇರೆ ರೂಪದಲ್ಲಿ ಓಡಾಡತೊಡಗಿತು: ಏಕಾದಶಿ ಉಪವಾಸಕ್ಕೆ ನೊಬೆಲ್ ಸಿಕ್ಕಿದೆ! ಇವತ್ತಿಗೂ ಆಷಾಢದ ಪ್ರಥಮ ಏಕಾದಶಿ ಹತ್ತಿರ ಬಂತೆಂದರೆ ಆ ಸಂದೇಶ ಎದ್ದು ಕೂರುತ್ತದೆ. ಉಪವಾಸದಿಂದ ವಾಸಿಯಾಗುವ ಕಾಯಿಲೆಗಳ ಪಟ್ಟಿಯೂ ಅದರ ಜತೆ ಬೆಳೆಯುತ್ತಾ ಹೋಗಿದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಅಲ್ಜೈಮರ್, ಈಗ ಪಾರ್ಕಿನ್ಸನ್.

ಓಸುಮಿ ಉಪವಾಸ ಕೆಡವಿದ್ದು ಮನುಷ್ಯರನ್ನಲ್ಲ, ಯೀಸ್ಟನ್ನು. ಆಹಾರ ಸಿಗದಾಗ ಯೀಸ್ಟ್ ಕೋಶ ತನ್ನೊಳಗಿನ ಹಳೆಯ, ಹಾಳಾದ ಭಾಗಗಳನ್ನು ತಾನೇ ಒಡೆದು ಮರುಬಳಕೆ ಮಾಡಿಕೊಳ್ಳುತ್ತದೆ. ಆಟೋಫೇಜಿ ಎಂಬ ಆ ಕ್ರಿಯೆಗೆ ಯಾವ ಜೀನ್‌ಗಳು ಬೇಕು ಎಂದು ಅವರು 1990ರ ದಶಕದಲ್ಲಿ ಹುಡುಕಿ ತೆಗೆದರು. ಬಹುಮಾನ ಬಂದದ್ದು ಅದಕ್ಕೆ. ಏಕಾದಶಿಯ ಪ್ರಸ್ತಾಪ ಅಲ್ಲೆಲ್ಲೂ ಇಲ್ಲ.

ಹಾಗೆಂದು ಈ ಮಾತನ್ನು ನಕ್ಕು ತಳ್ಳಿಹಾಕುವ ಹಾಗೂ ಇಲ್ಲ. ಪಾರ್ಕಿನ್ಸನ್ ಇರುವವರ ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಅಲ್ಲಿ ಆಲ್ಫಾ ಸೈನ್ಯೂಕ್ಲೀನ್ ಎಂಬ ಪ್ರೋಟೀನು ಉಂಡೆಗಟ್ಟಿ ಕೂತಿರುತ್ತದೆ. ಆ ಉಂಡೆಗಳನ್ನು 1912ರಲ್ಲಿ ಮೊದಲು ವಿವರಿಸಿದ್ದು ಫ್ರೆಡ್ರಿಕ್ ಲೆವಿ. ಅವಕ್ಕೆ ಅವರದ್ದೇ ಹೆಸರು. ಉಪವಾಸ ಆಟೋಫೇಜಿಯನ್ನು ಚುರುಕುಗೊಳಿಸುವುದಾದರೆ ಈ ಉಂಡೆಗಳೂ ಕರಗಬಹುದಲ್ಲ ಎಂಬ ಆಸೆ ವಿಜ್ಞಾನಿಗಳಿಗೂ ಇದೆ. ಇನ್ನೊಂದು ಕಡೆ, ಒಪ್ಪೊತ್ತು ಮಾಡಿದ ದಿನ ಮೈ ಹಗುರ ಎಂದು ರೋಗಿಗಳೇ ಹೇಳುತ್ತಾರೆ. ಈ ಎರಡೂ ಬೇರೆ ಬೇರೆ ಸಂಗತಿಗಳು. ಅವನ್ನು ಒಂದೇ ಎಂದು ತಿಳಿದಾಗ ಎಡವಟ್ಟು ಶುರುವಾಗುತ್ತದೆ.

ಬತ್ತಿ ಹೊಸೆಯುವ ಬೆರಳು

ನಮ್ಮ ಸೋದರತ್ತೆ ಉಡುಪಿ ಕಡೆಯವರು, ಮಾಧ್ವ ಮನೆ. ಬಲಗೈ ನಡುಕದಿಂದ ಶುರುವಾದ ಕಾಯಿಲೆ ನಿಧಾನಕ್ಕೆ ನಡಿಗೆಗೂ ಬಂತು. ಅವರ ಕೈ ಹೇಗಿದೆ ಎಂದು ತಿಳಿಯಲು ಯಾವ ಡಾಕ್ಟರ ಪರೀಕ್ಷೆಯೂ ಬೇಡ, ಹೂಬತ್ತಿ ನೋಡಿದರೆ ಸಾಕು. ಅರಳೆಯನ್ನು ಬಿಡಿಸಿ, ಬುಡ ಅಗಲ ಮಾಡಿ, ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು ಚೂಪು ಮಾಡಬೇಕು. ಆಗದ ದಿನ ಅರಳೆ ಬೆರಳಿಗೇ ಅಂಟಿಕೊಂಡು ಬರುತ್ತದೆ. "ಏಕಾದಶಿ ದಿನ ಬತ್ತಿ ಚಂದ ಬರ್ತದೆ ಮಾರಾಯ. ದ್ವಾದಶಿ ಊಟ ಆಯಿತೋ, ಬೆರಳು ಹೇಳಿದ್ದು ಕೇಳುವುದೇ ಇಲ್ಲ" ಎನ್ನುತ್ತಿದ್ದರು. ಅವರ ಪ್ರಕಾರ ಅದು ಕೃಷ್ಣನ ಕೃಪೆ. ಮಕ್ಕಳ ಪ್ರಕಾರ ಭ್ರಮೆ.

ನರರೋಗ ತಜ್ಞರು ಎರಡನ್ನೂ ಒಪ್ಪಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮಾ, ಮಾತ್ರೆ ಯಾವುದರ ಜೊತೆ ತಗೊಳ್ತೀರಿ?" ಬೇರೆ ದಿನಗಳಲ್ಲಿ ಬೆಳಗಿನ ಮಾತ್ರೆ ದೋಸೆ ತಿಂದಾದ ಮೇಲೆ, ಒಂದು ಲೋಟ ಬಿಸಿ ಹಾಲಿನಲ್ಲಿ. ಖಾಲಿ ಹೊಟ್ಟೆಗೆ ಮಾತ್ರೆ ಉಷ್ಣ ಎಂದು ಸೊಸೆ ಮುತುವರ್ಜಿಯಿಂದ ಹಾಗೆ ಕೊಡುತ್ತಿದ್ದಳು. ಏಕಾದಶಿಯ ದಿನ ಮಾತ್ರ ಬರೀ ನೀರಿನಲ್ಲಿ. ದ್ವಾದಶಿಗೆ ಬೆಳಕು ಹರಿಯುವ ಮೊದಲೇ ಪಾರಣೆ: ಹೆಸರುಬೇಳೆ ಕೋಸಂಬರಿ, ಹುಳಿ, ಮೊಸರು, ಅದರ ಮೇಲೆ ಮಾತ್ರೆ. ಒಗಟಿನ ಉತ್ತರ ಇಷ್ಟರಲ್ಲೇ ಇತ್ತು.

ಪಾರ್ಕಿನ್ಸನ್ನಿಗೆ ಕೊಡುವ ಮುಖ್ಯ ಔಷಧ ಲೆವೊಡೋಪಾ. ಅದು ಮಿದುಳಿಗೆ ಹೋಗಿ ಡೋಪಮೈನ್ ಆಗುತ್ತದೆ. ದಾರಿಯಲ್ಲೇ ವ್ಯಯವಾಗದಿರಲಿ ಎಂದು ಜೊತೆಗೆ ಕಾರ್ಬಿಡೋಪಾ ಸೇರಿಸುತ್ತಾರೆ. ಇದರ ಹುಟ್ಟಿನ ಕತೆಯಲ್ಲಿ ನಮ್ಮ ಸರ್ಪಗಂಧಿಗೂ ಒಂದು ಪಾತ್ರವಿದೆ. ಆ ಬೇರಿನಿಂದ ತೆಗೆದ ರಿಸರ್ಪಿನ್ ಕೊಟ್ಟಾಗ ಮೊಲಗಳು ಅಲ್ಲಾಡದೆ ಬಿದ್ದುಕೊಂಡವು. ಡೋಪಾ ಚುಚ್ಚಿದಾಗ ಎದ್ದು ಓಡಾಡಿದವು. 1957ರ ಸುಮಾರಿಗೆ ಇದನ್ನು ತೋರಿಸಿದ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಬಂತು. 1967ರಲ್ಲಿ ಅಮೆರಿಕದ ಜಾರ್ಜ್ ಕೊಟ್ಜಿಯಾಸ್ ಅದನ್ನೇ ಬಾಯಿಯ ಮೂಲಕ ದೊಡ್ಡ ಪ್ರಮಾಣದಲ್ಲಿ ಕೊಟ್ಟು ರೋಗಿಗಳನ್ನು ನಡೆಸಿದರು.

ಇಲ್ಲೊಂದು ತೊಡಕಿದೆ. ಲೆವೊಡೋಪಾ ಸ್ವತಃ ಒಂದು ಅಮೈನೋ ಆಮ್ಲ. ಬೇಳೆ, ಹಾಲು, ಮೊಟ್ಟೆ, ಮಾಂಸ ಜೀರ್ಣವಾದಾಗ ಸಿಗುವುದೂ ಅಮೈನೋ ಆಮ್ಲಗಳೇ. ಸಣ್ಣ ಕರುಳಿನಿಂದ ರಕ್ತಕ್ಕೆ ದಾಟಲು, ಮತ್ತೆ ರಕ್ತದಿಂದ ಮಿದುಳಿಗೆ ದಾಟಲು ಇವೆಲ್ಲಕ್ಕೂ ಇರುವುದು ಒಂದೇ ವಾಹಕ ವ್ಯವಸ್ಥೆ. ಜಾತ್ರೆ ದಿನದ ಬಸ್ಸಿನ ಹಾಗೆ, ಕೋಸಂಬರಿ ಮೊಸರಿನವರು ಮೊದಲೇ ಹತ್ತಿ ಕೂತುಬಿಟ್ಟರೆ ಮಾತ್ರೆ ನಿಲ್ದಾಣದಲ್ಲೇ ಉಳಿಯುತ್ತದೆ. ಅದಕ್ಕೂ ಮೊದಲು, ಹೊಟ್ಟೆ ತುಂಬಿದ್ದರೆ ಮಾತ್ರೆ ಕರುಳಿಗೆ ಇಳಿಯುವುದೇ ತಡ. ಈ ರೋಗದಲ್ಲಿ ಜಠರ ಮೊದಲೇ ನಿಧಾನ. ರಕ್ತ ಸೇರಿದ ಲೆವೊಡೋಪಾದ ಅರ್ಧದಷ್ಟು ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿದುಹೋಗುತ್ತದೆ. ಹಾಗಾಗಿ ತಡವಾದರೂ ನಷ್ಟ, ಕಡಿಮೆಯಾದರೂ ನಷ್ಟ. ರೋಗಿಗಳ ಮನೆಯಲ್ಲಿ "ಇವತ್ತು ಮಾತ್ರೆ ಹಿಡಿಯಲೇ ಇಲ್ಲ" ಎನ್ನುವುದು ಇದನ್ನೇ.

ಇದು ಹೊಸ ಸಂಶೋಧನೆಯೇನಲ್ಲ. ಕೊಟ್ಜಿಯಾಸ್ ಮತ್ತು ಇಸ್ಮಾಯೆಲ್ ಮೆನಾ 1975ರಲ್ಲೇ ಪ್ರೋಟೀನು ಮತ್ತು ಲೆವೊಡೋಪಾದ ಜಗಳದ ಬಗ್ಗೆ ಬರೆದಿದ್ದರು. 1987ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪಿಂಕಸ್ ಮತ್ತು ಬ್ಯಾರಿ ಒಂದು ಸರಳ ಉಪಾಯ ಹೇಳಿದರು: ದಿನದ ಪ್ರೋಟೀನನ್ನೆಲ್ಲ ರಾತ್ರಿಯ ಊಟಕ್ಕೆ ತಳ್ಳಿ, ಹಗಲು ಚುರುಕಾಗಿರಿ. ಹಗಲು ಅನ್ನ, ಬೇಳೆ ಹಾಕದ ತಿಳಿಸಾರು, ತರಕಾರಿ ಪಲ್ಯ, ಹಣ್ಣು. ಬೇಳೆ, ಹಾಲು, ಮೊಟ್ಟೆ ರಾತ್ರಿಗೆ. ಮಾತ್ರೆ ಮೊದಲಿನಷ್ಟು ಕೆಲಸ ಮಾಡುತ್ತಿಲ್ಲ, ಗಂಟೆಗೊಮ್ಮೆ ಏರಿಳಿತ ಎನ್ನುವವರಿಗೆ ಇದು ಉಪಯೋಗಕ್ಕೆ ಬರುತ್ತದೆ. ರೋಗ ಶುರುವಾಗಿ ಸ್ವಲ್ಪವೇ ಕಾಲವಾಗಿದ್ದು ಮಾತ್ರೆ ಚೆನ್ನಾಗಿ ಹಿಡಿಯುತ್ತಿದ್ದರೆ ಅಷ್ಟೆಲ್ಲ ಕಟ್ಟುಪಾಡು ಬೇಕಿಲ್ಲ. ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನೀರಿನಲ್ಲಿ ಮಾತ್ರೆ ನುಂಗಿದರೆ ಸಾಕು. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬರುವವರು ಎರಡು ಚಮಚ ಅವಲಕ್ಕಿಯನ್ನೋ ಒಣ ಬಿಸ್ಕತ್ತನ್ನೋ ತಿನ್ನಬಹುದು, ಹಾಲು ಬೇಡ.

ಚಾತುರ್ಮಾಸ್ಯದ ಕೊನೆಯ ತಿಂಗಳು ಮಾಧ್ವರಲ್ಲಿ ದ್ವಿದಳ ವ್ರತ. ತೊಗರಿ, ಹೆಸರು, ಉದ್ದು, ಕಡಲೆ ಎಲ್ಲ ನಿಷಿದ್ಧ. ಅದರ ಹಿಂದಿನ ತಿಂಗಳು ಕ್ಷೀರವ್ರತ, ಹಾಲಿಲ್ಲ. ಅಂದರೆ ವರ್ಷದಲ್ಲಿ ಎರಡು ತಿಂಗಳು, ಪಿಂಕಸ್ ಹೆಸರೇ ಕೇಳದ ಮನೆಗಳಲ್ಲಿ ಪ್ರೋಟೀನಿನ ಲೆಕ್ಕ ತಾನಾಗಿ ಬದಲಾಗುತ್ತದೆ. ಹೀಗೆ ತಿಥಿ ನೋಡಿ ಆಹಾರ ಬದಲಿಸುವ ಸಾವಿರಾರು ಮನೆಗಳು ಕರಾವಳಿಯಲ್ಲೇ ಇರುವಾಗ, ನಮ್ಮ ನರವಿಜ್ಞಾನಿಗಳಿಗೆ ಇದಕ್ಕಿಂತ ಒಳ್ಳೆಯ ಅಧ್ಯಯನದ ವಸ್ತು ಬೇಕೆ ಎಂದು ನನಗನ್ನಿಸುತ್ತದೆ.

ಅತ್ತೆಯ ಬೆರಳಿಗೆ ಬಂದದ್ದು ಹೀಗೆ ಮಾತ್ರೆಯ ಬಲ. ರೋಗ ಅಲ್ಲೇ ಇತ್ತು, ಸಾಯುವ ಕೋಶಗಳು ಸಾಯುತ್ತಲೇ ಇದ್ದವು. ಹಾಲಿನ ಬದಲು ನೀರು, ತಿಂಡಿಗಿಂತ ಮೊದಲು ಮಾತ್ರೆ ಎಂದು ಬದಲಿಸಿದ ಮೇಲೆ ಉಳಿದ ತಿಥಿಗಳಲ್ಲೂ ಬತ್ತಿ ಬರತೊಡಗಿತು. ಇದರಿಂದ ಅತ್ತೆಗೆ ಏಕಾದಶಿಯ ಮೇಲಿನ ಭಕ್ತಿ ಕಡಿಮೆಯಾಯಿತೆಂದೇನೂ ತಿಳಿಯಬೇಡಿ.

ಅವರ ನಂಬಿಕೆಗೂ ಒಂದು ಪಾಲು ಸಲ್ಲಬೇಕು, ಅದು ಬರೀ ಮಾತಿನ ಉಪಚಾರವಲ್ಲ. ಕೆನಡಾದ ವ್ಯಾಂಕೂವರಿನಲ್ಲಿ 2001ರಲ್ಲಿ ಪಾರ್ಕಿನ್ಸನ್ ರೋಗಿಗಳಿಗೆ ಔಷಧವಿಲ್ಲದ ಹುಸಿ ಚುಚ್ಚುಮದ್ದು ಕೊಟ್ಟು ಮಿದುಳಿನ ಸ್ಕ್ಯಾನ್ ಮಾಡಿದರು. ಗುಣವಾಗುತ್ತದೆ ಎಂಬ ನಿರೀಕ್ಷೆಯಿಂದಲೇ ಅವರ ಮಿದುಳಿನಲ್ಲಿ ಡೋಪಮೈನ್ ನಿಜವಾಗಿ ಸ್ರವಿಸಿತ್ತು. ಬೇರೆ ಎಷ್ಟೋ ಕಾಯಿಲೆಗಳಿಗಿಂತ ಈ ಕಾಯಿಲೆಯಲ್ಲಿ ಹುಸಿಮದ್ದಿನ ಪರಿಣಾಮ ಜೋರು. ಉಪವಾಸದಿಂದ ನಡುಕ ನಿಂತಿತು ಎನ್ನುವ ಒಬ್ಬೊಬ್ಬರ ಅನುಭವ ಸುಳ್ಳಲ್ಲದಿದ್ದರೂ ಅದನ್ನು ಪುರಾವೆ ಎಂದು ಹಿಡಿಯಲು ಆಗದಿರುವುದು ಇದಕ್ಕೇ.

ಇಲಿಯ ಉಪವಾಸ, ಮನುಷ್ಯನ ಉಪವಾಸ

ಹಾಗಾದರೆ ಕೋಶಗಳು ಸಾಯುವುದನ್ನೇ ಉಪವಾಸ ತಡೆಯುತ್ತದೆಯೇ? ಈ ಪ್ರಶ್ನೆಯನ್ನು ಪ್ರಯೋಗಾಲಯದಲ್ಲಿ ಕೇಳಲು ಸಾಧ್ಯವಾದದ್ದು ಒಂದು ದುರಂತದಿಂದ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವ ವ್ಯಸನಿಗಳು ಕಳ್ಳ ತಯಾರಿಯ ಮಾದಕವಸ್ತು ಚುಚ್ಚಿಕೊಂಡು ಮುದುಕರಂತೆ ಮರಗಟ್ಟಿ ಹೋದರು. ಅದರಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ವಿಷವೇ ಕಾರಣ ಎಂದು ವಿಲಿಯಂ ಲ್ಯಾಂಗ್‌ಸ್ಟನ್ ತಂಡ ಪತ್ತೆ ಮಾಡಿತು. ಅಲ್ಲಿಂದ ಮುಂದೆ ಆ ವಿಷ ಕೊಟ್ಟು ಇಲಿ, ಮಂಗಗಳಲ್ಲಿ ಪಾರ್ಕಿನ್ಸನ್ನಿನಂಥ ಸ್ಥಿತಿಯನ್ನು ತರಿಸುವುದು ರೂಢಿಯಾಯಿತು.

1999ರಲ್ಲಿ ಅಮೆರಿಕದ ನರವಿಜ್ಞಾನಿ ಮಾರ್ಕ್ ಮ್ಯಾಟ್ಸನ್ ತಂಡ ಇಲಿಗಳಿಗೆ ಕೆಲವು ತಿಂಗಳು ಆಹಾರ ಕಡಿಮೆ ಮಾಡಿ ಆಮೇಲೆ ಈ ವಿಷ ಕೊಟ್ಟಿತು. ಹೊಟ್ಟೆ ತುಂಬ ತಿಂದಿದ್ದ ಇಲಿಗಳಿಗಿಂತ ಇವುಗಳಲ್ಲಿ ಹೆಚ್ಚು ಕೋಶಗಳು ಉಳಿದವು. 2004ರಲ್ಲಿ ರೀಸಸ್ ಮಂಗಗಳಿಗೆ ಆರು ತಿಂಗಳು ಶೇ 30ರಷ್ಟು ಆಹಾರ ಕಡಿಮೆ ಮಾಡಿ ನೋಡಿದಾಗಲೂ ಅಂಥದ್ದೇ ಫಲ: ಚಲನೆ ಮೇಲು, ಡೋಪಮೈನ್ ಹೆಚ್ಚು, ನರಕೋಶಗಳನ್ನು ಪೋಷಿಸುವ ಪ್ರೋಟೀನೂ ಹೆಚ್ಚು. ಹಸಿದಾಗ ಜಠರ ಸ್ರವಿಸುವ ಗ್ರೆಲಿನ್ ಹಾರ್ಮೋನಿಗೆ ಈ ರಕ್ಷಣೆಯಲ್ಲಿ ಕೈಯಿದೆ ಎಂದು 2016ರಲ್ಲಿ ಆಸ್ಟ್ರೇಲಿಯಾದಿಂದ ಇನ್ನೊಂದು ವರದಿ ಬಂತು. ಪುರವಣಿಗಳಲ್ಲಿ, ಯೂಟ್ಯೂಬಿನಲ್ಲಿ ಉಪವಾಸದ ಪರ ಎತ್ತಿ ಹೇಳುವ ಸಾಕ್ಷ್ಯ ಬಹುಪಾಲು ಈ ಬಗೆಯದು.

ಹೇಳದೆ ಬಿಡುವುದೂ ಇದೆ. 2008ರಲ್ಲಿ ಇಟಲಿಯ ತಂಡವೊಂದು ಬೇರೆ ವಿಷ ಬಳಸಿ ದೊಡ್ಡ ಇಲಿಗಳ ಮೇಲೆ ಇದೇ ಪ್ರಯೋಗ ಮಾಡಿದಾಗ ಆಹಾರ ಕಡಿತದಿಂದ ಏನೂ ಉಪಯೋಗವಾಗಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಈ ಪ್ರಯೋಗಗಳಲ್ಲಿ ಆಹಾರ ಕಡಿತ ಶುರುವಾದದ್ದು ವಿಷ ಕೊಡುವ ಮೊದಲು. ಮನುಷ್ಯನ ಕೈ ನಡುಗಿ, ಡಾಕ್ಟರು ರೋಗದ ಹೆಸರು ಹೇಳುವ ಹೊತ್ತಿಗೆ ಡೋಪಮೈನ್ ಕೋಶಗಳಲ್ಲಿ ಸುಮಾರು ಅರ್ಧದಷ್ಟಾದರೂ ಹೋಗಿಯಾಗಿರುತ್ತದೆ. ಇನ್ನು ಒಂದು ದಿನ ಊಟವಿಲ್ಲದ ಇಲಿ ತನ್ನ ತೂಕದ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ನಮ್ಮ ಒಂದು ಏಕಾದಶಿಯೂ ಅದರ ಒಂದು ದಿನವೂ ಸಮವಲ್ಲ.

ಉಪವಾಸ ಲಂಬಿಸಿದಾಗ ಯಕೃತ್ತು ಕೊಬ್ಬನ್ನು ಕೀಟೋನ್‌ಗಳಾಗಿ ಬದಲಿಸಿ ಮಿದುಳಿಗೆ ಕಳಿಸುತ್ತದೆ. ಪಾರ್ಕಿನ್ಸನ್ನಿನಲ್ಲಿ ಕೋಶದ ಮೈಟೋಕಾಂಡ್ರಿಯಾ ಶಕ್ತಿ ತಯಾರಿಸುವ ಮೊದಲ ಹಂತದಲ್ಲೇ ಸೋಲುತ್ತದೆ. ಕೀಟೋನ್‌ಗಳು ಆ ಹಂತವನ್ನು ಸ್ವಲ್ಪ ಬಳಸಿಕೊಂಡು ಹೋಗಬಲ್ಲವು. ಇದನ್ನು ನಂಬಿ ಮನುಷ್ಯರ ಮೇಲೆ ಪ್ರಯೋಗ ನಡೆದದ್ದು ಉಪವಾಸದಿಂದಲ್ಲ, ಅತಿ ಕೊಬ್ಬಿನ ಕೀಟೋ ಆಹಾರದಿಂದ. 2005ರಲ್ಲಿ ನ್ಯೂಯಾರ್ಕಿನ ಥಿಯೋಡರ್ ವ್ಯಾನ್‌ಇಟಾಲಿ ಅವರ ಬಳಿ 7 ಮಂದಿ ಮುಂದೆ ಬಂದರು, 28 ದಿನ ಪೂರ್ತಿ ಮುಗಿಸಿದವರು 5. ರೋಗಲಕ್ಷಣದ ಅಂಕ ಸರಾಸರಿ ಶೇ 43 ಸುಧಾರಿಸಿತು. ಆದರೆ ಹೋಲಿಸಿ ನೋಡಲು ಎದುರು ಗುಂಪೇ ಇರಲಿಲ್ಲ. 2018ರಲ್ಲಿ ನ್ಯೂಜಿಲೆಂಡಿನ ವೈಕಾಟೊ ಆಸ್ಪತ್ರೆಯ ಮ್ಯಾಥ್ಯೂ ಫಿಲಿಪ್ಸ್ ಆ ಕೊರತೆ ನೀಗಿಸಿದರು: 47 ರೋಗಿಗಳು, 8 ವಾರ, ಒಂದು ಗುಂಪಿಗೆ ಕೀಟೋ ಆಹಾರ, ಇನ್ನೊಂದಕ್ಕೆ ಕಡಿಮೆ ಕೊಬ್ಬಿನ ಆಹಾರ. ಮುಗಿಸಿದವರು 38. ನಡುಕ, ಬಿಗಿತ, ನಡಿಗೆ ಎರಡೂ ಗುಂಪಿನಲ್ಲಿ ಸುಧಾರಿಸಿದವು, ವ್ಯತ್ಯಾಸ ಕಾಣಲಿಲ್ಲ. ಆದರೆ ದಣಿವು, ನೋವು, ಮೂತ್ರದ ತೊಂದರೆ, ಮಂಕು ಇವುಗಳ ಅಂಕ ಕೀಟೋದವರಲ್ಲಿ ಶೇ 41, ಇನ್ನೊಂದು ಗುಂಪಿನಲ್ಲಿ ಶೇ 11 ಸುಧಾರಿಸಿತು. ಕೀಟೋದವರಲ್ಲಿ ಕೆಲವರಿಗೆ ಆಗಾಗ ನಡುಕವೂ ಬಿಗಿತವೂ ಜಾಸ್ತಿಯಾದದ್ದುಂಟು.

ಉಪವಾಸವೇ ಪಾರ್ಕಿನ್ಸನ್ನನ್ನು ನಿಧಾನಗೊಳಿಸುತ್ತದೆಯೇ ಎಂದು ನೂರಾರು ರೋಗಿಗಳ ಮೇಲೆ ವರ್ಷಗಟ್ಟಲೆ ನೋಡಿದ ದೊಡ್ಡ ಪ್ರಯೋಗ ಈವರೆಗೆ ನಡೆದಿಲ್ಲ. ಬೆವರು ಬರುವಂಥ ವ್ಯಾಯಾಮಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯವಿದೆ. ಅಮೆರಿಕದಲ್ಲಿ ಟ್ರೆಡ್‌ಮಿಲ್ ಮೇಲೆ, ನೆದರ್‌ಲೆಂಡ್ಸಿನಲ್ಲಿ ಮನೆಯ ಸೈಕಲ್ ಮೇಲೆ ನಡೆದ ಪ್ರಯೋಗಗಳು 2018 ಮತ್ತು 2019ರಲ್ಲಿ ಪ್ರಕಟವಾದವು. ಚುರುಕಾಗಿ ವ್ಯಾಯಾಮ ಮಾಡಿದವರ ಚಲನೆ ಅಷ್ಟು ಬೇಗ ಕೆಡಲಿಲ್ಲ. ಅದನ್ನು ಯಾರೂ ವಾಟ್ಸ್‌ಆ್ಯಪಿನಲ್ಲಿ ಫಾರ್ವರ್ಡ್ ಮಾಡುವುದಿಲ್ಲ.

ವ್ರತಭಂಗವಾಗದ ಮಾತ್ರೆ

ಉಪವಾಸದ ಅಪಾಯಗಳಲ್ಲಿ ಮೊದಲನೆಯದು ಹಸಿವಲ್ಲ, ಅನ್ನದ ಜೊತೆ ಮಾತ್ರೆಯನ್ನೂ ಬಿಡುವುದು. ನಿರ್ಜಲ ಉಪವಾಸವೆಂದರೆ ಒಂದು ಗುಟುಕು ನೀರೂ ಇಲ್ಲ, ಹಾಗಾಗಿ ಔಷಧವೂ ಇಲ್ಲ ಎಂದು ಕೆಲವು ಹಿರಿಯರ ಹಟ. ಲೆವೊಡೋಪಾ ಒಮ್ಮೆಲೇ ನಿಂತರೆ ಮೈ ಮರಗಟ್ಟಬಹುದು, ಜ್ವರ ವಿಪರೀತ ಏರಬಹುದು, ಪ್ರಜ್ಞೆ ಕಲಸಬಹುದು. ಐಸಿಯುಗೆ ಒಯ್ಯಬೇಕಾದ, ಪ್ರಾಣಕ್ಕೇ ಎರವಾಗಬಲ್ಲ ಸ್ಥಿತಿ ಅದು. ಇಂಥವರಿಗೆ ಡಾಕ್ಟರ ಮಾತಿಗಿಂತ ಶಾಸ್ತ್ರದ ಮಾತು ಬೇಗ ನಾಟಬಹುದು. ವ್ರತವನ್ನು ಕೆಡಿಸದ ಎಂಟು ಸಂಗತಿಗಳನ್ನು ನಮ್ಮ ಹಿಂದಿನವರೇ ಪಟ್ಟಿ ಮಾಡಿಟ್ಟಿದ್ದಾರೆ. ನೀರು, ಗೆಡ್ಡೆ, ಹಣ್ಣು, ಹಾಲಿನ ಜೊತೆ ಔಷಧವೂ ಅದರಲ್ಲಿದೆ.

ರಂಜಾನ್ ತಿಂಗಳಲ್ಲಿ ಲೆಕ್ಕ ಇನ್ನೂ ಕಠಿಣ. ಸಹರಿಯಿಂದ ಇಫ್ತಾರ್‌ವರೆಗೆ ನಮ್ಮ ರಾಜ್ಯದಲ್ಲಿ ಹದಿಮೂರು, ಹದಿನಾಲ್ಕು ಗಂಟೆ. ದಿನಕ್ಕೆ ನಾಲ್ಕೈದು ಬಾರಿ ಮಾತ್ರೆ ಬೇಕಾದವರಿಗೆ ಅಷ್ಟು ಹೊತ್ತು ತಳ್ಳುವುದು ಆಗದ ಮಾತು. ಕಾಯಿಲೆಯವರಿಗೆ ಕುರಾನ್ ವಿನಾಯಿತಿ ಕೊಟ್ಟಿದೆ, ವಾಸಿಯಾಗದ ಕಾಯಿಲೆಯಾದರೆ ಬಡವರಿಗೆ ಊಟ ಹಾಕಿ ಫಿದ್ಯಾ ಸಲ್ಲಿಸುವ ದಾರಿಯಿದೆ. ರೋಗ ಸೌಮ್ಯವಾಗಿದ್ದು ರೋಜಾ ಮಾಡಲೇಬೇಕೆನ್ನುವವರಿಗೆ ದಿನಕ್ಕೊಮ್ಮೆ ನುಂಗುವ ಬೇರೆ ಬಗೆಯ ಮಾತ್ರೆಗೋ ಚರ್ಮಕ್ಕೆ ಅಂಟಿಸುವ ಪ್ಯಾಚಿಗೋ ಡಾಕ್ಟರು ಬದಲಾಯಿಸಿಕೊಡಬಲ್ಲರು. ಆದರೆ ಅದು ಚಂದ್ರ ಕಾಣುವ ಹಿಂದಿನ ದಿನ ಆಗುವ ಕೆಲಸವಲ್ಲ, ವಾರಗಳ ಮೊದಲೇ ಹೋಗಬೇಕು.

ಎರಡನೆಯ ಭಯ ತೂಕದ್ದು. ಪಾರ್ಕಿನ್ಸನ್ ಇರುವವರು ಸಾಮಾನ್ಯವಾಗಿ ಸೊರಗುತ್ತಾರೆ. ಮೂಗಿನ ವಾಸನೆಯ ಶಕ್ತಿ ನಡುಕಕ್ಕಿಂತ ವರ್ಷಗಳ ಮೊದಲೇ ಹೋಗಿರುತ್ತದೆ, ಊಟ ಸಪ್ಪೆ. ನುಂಗಲು ಕಷ್ಟ. ಮಾತ್ರೆಯ ಅಡ್ಡಪರಿಣಾಮದಿಂದ ಮೈ ತಾನಾಗಿ ತೊನೆದಾಡುವವರಿಗೆ ಕೂತಲ್ಲೇ ಕ್ಯಾಲೊರಿ ಖರ್ಚು. ಅಂಥವರ ಮೇಲೆ ದೀರ್ಘ ಉಪವಾಸ ಹೇರಿದರೆ ಸೊಂಟ, ತೊಡೆಯ ಸ್ನಾಯುವೂ ಕರಗುತ್ತದೆ. ಕೂತು ಎದ್ದಾಗ ರಕ್ತದೊತ್ತಡ ತಟ್ಟನೆ ಇಳಿಯುವುದು ಈ ಕಾಯಿಲೆಯ ಇನ್ನೊಂದು ಗುಣ. ನೀರು ಬಿಟ್ಟ ದಿನ ಅದು ಜಾಸ್ತಿ. ಶ್ರಾವಣ ಸೋಮವಾರದ ಉಪವಾಸದಲ್ಲಿ ದೇವರ ಕೋಣೆಯಿಂದ ಏಳುವಾಗ ಕಣ್ಣು ಕತ್ತಲಿಟ್ಟು ಬಿದ್ದರೆ ಸೊಂಟದ ಮೂಳೆ ಹೋಯಿತೆಂದೇ ಲೆಕ್ಕ. ಮಲಬದ್ಧತೆಯೂ ಹೆಚ್ಚುತ್ತದೆ. ಸಕ್ಕರೆ ಕಾಯಿಲೆಯೂ ಇದ್ದರೆ ಇನ್ನೊಂದು ಗೊಂದಲ: ಸಕ್ಕರೆ ಇಳಿದಾಗಲೂ ಕೈ ನಡುಗುತ್ತದೆ, ಮನೆಯವರು ಪಾರ್ಕಿನ್ಸನ್ ಎಂದುಕೊಂಡು ಸುಮ್ಮನಿರುತ್ತಾರೆ. ಫಲಾಹಾರದ ಬಗ್ಗೆ ಒಂದು ಮಾತು. ಶೇಂಗಾ ಪುಡಿ ಹಾಕಿದ ಸಾಬೂದಾಣೆ ಕಿಚಡಿ, ಮೇಲೊಂದು ಲೋಟ ಹಾಲು ಎಂದರೆ ಮಾತ್ರೆಯ ಮಟ್ಟಿಗೆ ಅದು ಉಪವಾಸವೇ ಅಲ್ಲ.

ಪ್ರಕೃತಿ ಚಿಕಿತ್ಸೆಯ ಕೇಂದ್ರಗಳಿಗೆ ಹೋಗುವವರೂ ಇದ್ದಾರೆ. ಅಲ್ಲಿನ ವೈದ್ಯರಿಗೆ ಮಾತ್ರೆಯ ಪಟ್ಟಿ ತೋರಿಸದೆ ಉಪವಾಸ ಚಿಕಿತ್ಸೆಗೆ ಸೇರಬಾರದು. ಕಂಪವಾತಕ್ಕೆಂದು ನಸುಗುನ್ನಿ ಬೀಜದ ಪುಡಿ ಕೊಟ್ಟರಂತೂ ನರರೋಗ ತಜ್ಞರಿಗೆ ತಿಳಿಸಲೇಬೇಕು. ಆ ಬೀಜದಲ್ಲಿ ಇರುವುದೂ ಲೆವೊಡೋಪಾ. 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ್ದರು. ಖಾಲಿ ಹೊಟ್ಟೆ, ಮಾತ್ರೆ, ಜೊತೆಗೆ ನಸುಗುನ್ನಿ ಎಂದರೆ ಗೊತ್ತಿಲ್ಲದೆ ಡೋಸ್ ಏರಿಸಿದಂತೆ.

ನನ್ನ ಅಭಿಪ್ರಾಯ ಕೇಳಿದರೆ, ರೋಗ ಸೌಮ್ಯವಾಗಿದ್ದು, ತೂಕ ಸರಿಯಿದ್ದು, ಬಿಪಿ ಇಳಿಯದವರು ತಿಂಗಳಿಗೆರಡು ದಿನ ನೀರು ಕುಡಿದುಕೊಂಡು ಒಪ್ಪೊತ್ತು ಮಾಡುವುದಕ್ಕೆ ತಡೆಯೇನಿಲ್ಲ. ರಾತ್ರಿ ಊಟ ಬೇಗ ಮುಗಿಸುವುದೂ ಒಳ್ಳೆಯದೇ. ಅದು ರೋಗವನ್ನು ನಿಲ್ಲಿಸುತ್ತದೆ ಎಂದು ಹೇಳುವ ಹಕ್ಕು ಸದ್ಯಕ್ಕೆ ಯಾರಿಗೂ ಇಲ್ಲ. ಬರುವ ಏಕಾದಶಿಗೆ ಮೊದಲು ಒಂದು ವಾರ, ಮನೆಯ ಹಿರಿಯರು ಮಾತ್ರೆ ನುಂಗಿದ ಹೊತ್ತು, ತಿಂದದ್ದೇನು, ಕೈ ಹಗುರಾದ ಹೊತ್ತು, ಮತ್ತೆ ಬಿಗಿದ ಹೊತ್ತು ಇಷ್ಟನ್ನು ಚೀಟಿಯಲ್ಲಿ ಬರೆದಿಟ್ಟು ಅವರ ನರರೋಗ ತಜ್ಞರಿಗೆ ತೋರಿಸಿ. ಅಲ್ಲಿಯವರೆಗೆ ಮಾತ್ರೆಯನ್ನು ಹಾಲಿನಲ್ಲಿ ಕೊಡಬೇಡಿ, ನೀರಿನಲ್ಲಿ ಕೊಡಿ.